ಬಳಿ ಹೆಚ್ಚಿದವು

ಒಂಟಿ ಎಲುಬು ತೇಯಾಕ ಹತ್ತಿ
ಇಪ್ಪತ್ತೆರಡು ವರ್ಷ ಆತು, ಮಿರಜಿನ ಈ ಓಣ್ಯಾಗ.
ಸಿತಾರದ ಹೊಟ್ಟಿ ಮ್ಯಾಲೆ ಒಂದು ಕುದುರಿ ಕೂಡತೈತಿ,
ಅದರ ಬೆನ್ನಿಗೆ ಬಿಳಿ ಪಟ್ಟಿ. ಅದು ಎಲುಬಿಂದು.
ಕೂದಲೆಳಿಯಷ್ಟು ಹೆಚ್ಚು ತೇದ್ರ ತಂತಿ ಗೊರಗೊರ,
ಕಡಿಮಿ ತೇದ್ರ ಮೂಗ.
ದಸ್ತಗೀರ ಚಾಚಾ ಅಂತಿದ್ದ:
ಜೀವ ಇರೂತನಕ ಎಲುಬಿಗೆ ಮಾತು ಬರೂದಿಲ್ಲೋ ಗುರುಶಾಂತ,
ಸತ್ತ ಮ್ಯಾಲೇ ಅದು ಹಾಡೂದು.

ನಂದು ಜೀವ ಇದ್ದಾಗಲೇ ಬಾಯಿ ಬಿಟ್ಟಿತ್ತು.
ಉಮದಿಯಿಂದ ಬರೂಮುಂದ ಟಂಟಂ ಮಗಚಿ
ಮೊಣಕಾಲ ಕೆಳಗ ಮುರಿದದ್ದು
ಕೂಡಿದಂಗಾತು, ಒಳಗ ಕೊಳೀತು.
ನಾಕು ವರ್ಷ ಕೀವು.
ಚಳಿಗಾಲಕ್ಕೊಮ್ಮೆ ತೆರೀತಿತ್ತು, ಬ್ಯಾಸಿಗ್ಯಾಗ ಮುಚ್ಚತಿತ್ತು,
ವಾದ್ಯ ನೋಡಾಕ ಬಂದ ಗಿರಾಕಿ
ವಾಸನಿ ಎಲ್ಲಿಂದು ಅಂತ ಸೋರೆಬುರಡಿ ಮೂಸತಿದ್ದ.
ನಾ ಕಾಲು ಗೋಣಿಚೀಲದಾಗ ಮುಚ್ಚಿಕೋತಿದ್ದೆ.

ಸಬನೀಸ ಡಾಕ್ಟರಬಾಯಿ
ಎಕ್ಸ್‌ರೇ ಹಾಳಿ ದೀಪಕ್ಕ ಹಿಡದು
ಮರಾಠ್ಯಾಗ ಹೇಳಿದಳು, ನಾ ಕನ್ನಡದಾಗ ತಿಳಕೊಂಡೆ:
ಕೊಳತದ್ದು ಕೆರದು ತಗೀತೀನಿ, ಕುಳಿ ಬೀಳತೈತಿ,
ಕುಳ್ಯಾಗ ಕಾಚ್ ತುಂಬತೀನಿ.

ಕಾಚು?
ನನಗ ಗೊತ್ತಿದ್ದ ಕಾಚು ಎಲಿಗೆ ಹಚ್ಚೂದು.
ಸುಣ್ಣನೂ ಬೇಕೇನ್ರಿ ಬಾಯಿ, ಅಂದೆ.
ಆಕಿ ನಗಲಿಲ್ಲ.
ಸುಣ್ಣ ಇರತೈತಿ ಅದರಾಗ, ಅಂದಳು,
ಉಸುಕು, ಸೋಡಾ, ಸುಣ್ಣ, ಎಳ್ಳಷ್ಟು ರಂಜಕ,
ಎಲ್ಲಾ ಕಾಸಿ ಆರಿಸಿದ ಗಾಜು,
ಬಳಿಗಾಜಿನ ದಾಯಾದಿ. ಆದ್ರ ಇದು ಕರಗೂ ಜಾತಿ.
ಮೈಯಾಗಿನ ನೀರು ಕುಡದು ಸುತ್ತೆಲ್ಲ ಚೌಳು ಮಾಡತೈತಿ,
ಚೌಳಿನ್ಯಾಗ ಕೀವಿನ ಹುಳ ಬದುಕೂದಿಲ್ಲ.
ಗಾಜಿನ ಮೈಮ್ಯಾಲೆ ಸುಣ್ಣದ ಪದರು ಕೂಡತೈತಿ,
ಎಲುಬು ಅದನ್ನ ತಂದೇ ಅಂತ ತಿಳದು ಏರತೈತಿ.

ಚೌಳು ಅಂದಕೂಡಲೇ ನನಗ ಉಮದಿಯ ಕೆಳಗಿನ ಹೊಲ ನೆನಪಾತು.
ಏನೂ ಬೆಳೀದ ನೆಲ.
ಇಲ್ಲಿ ಬೆಳೀತೈತಿ ಅಂತಾಳಲ್ಲ ಈಕಿ.

ಮಹಾನಂದಾ ಗ್ವಾಡಿಗೆ ಒರಗಿ ನಿಂತಿದ್ದಳು.
ಗಾಜು ತುಳದ್ರ ತಗಸೂದು ಕಂಡೀನಿ,
ರೊಕ್ಕ ಕೊಟ್ಟು ತುಂಬಿಸಿಕೊಳ್ಳೂದು ಕಂಡಿಲ್ಲ, ಅಂದಳು.
ಆದರೂ ನನಕಿಂತ ಮೊದಲ ಆಕೀನೇ ಸಹಿ ಮಾಡಿದಳು.
ಅವತ್ತ ರಾತ್ರಿ ಕಾಟಿನ ಕಬ್ಬಿಣಕ್ಕ ಕೈ ಬಡದು
ಎರಡು ಹಸರು ಬಳಿ ಚೂರಾದ್ವು.
ಒಡದ್ವು ಅನಬಾರದು.
ಹೆಚ್ಚಿದವು, ಅಂದಳು ಆಕಿ, ಮೆಲ್ಲಕ.
ಬಾಜೂ ಕಾಟಿನ ಮುದುಕಿ ಮರಾಠ್ಯಾಗ ಅದನ್ನೇ ಅಂದಳು: ವಾಢಲ್ಯಾ.
ಎರಡೂ ಭಾಷಾಕ್ಕ ಒಂದೇ ಅಂಜಿಕಿ.

ಮೊದಲನೇ ಹಾಳ್ಯಾಗ
ಕಾಳು ಕಾಳು ಎಣಸಬಹುದಿತ್ತು, ಒಡಕಲು ಕಲ್ಲಸಕ್ಕರಿಯಂಗ.
ಆರು ತಿಂಗಳ ಮ್ಯಾಲೆ ಮೂಲಿ ಮೊಂಡಾಗಿದ್ವು.
ಮೊನ್ನಿ ತಗದ ಹಾಳಿ
ಓಣಿ ಕಡಿ ಕಿಡಕಿಗೆ ಹಿಡದು ಮಹಾನಂದಾ ಕೇಳಿದಳು,
ಇದರಾಗ ಗಾಜು ಯಾವುದು, ನೀ ಯಾವುದು?
ಬೆರಳಿಟ್ಟೆ. ಸರಿಸಿದೆ. ಮತ್ತ ಇಟ್ಟೆ.
ಡಾಕ್ಟರಬಾಯಿನೂ ಹಂಗೇ ಮಾಡಿದ್ದಳು,
ಪೆನ್ನಿನ ತುದಿ ಒಂದು ಗಳಿಗಿ ಗಾಳ್ಯಾಗ ನಿಂತಿತ್ತು.

ನನ್ನ ಕೆಲಸ ಎಲುಬು ಕಳಿಯೂದು,
ಕಳದಷ್ಟು ದನಿ.
ಆಕಿ ಕೆಲಸ ಹಂಗಲ್ಲ. ಆಕಿ ಇಟ್ಟದ್ದೇ ಕಳಕೊಂಡು ಹೋಗಬೇಕು,
ಹೋದಷ್ಟು ಕಾಲು.
ಚಾಚಾ ಇದ್ದಿದ್ರ ಕೇಳತಿದ್ದೆ
ಇದಕ್ಕೇನಂತಿ ಅಂತ.
ಹೋದ ರಮಜಾನದಾಗ ಹೋದ. ಅವನ ಅರಾ ನನ್ನ ಹತ್ರ ಐತಿ.

ಕುಂಟೂದು ಹೋಗಿಲ್ಲ.
ಚಕ್ಕಳಬಕ್ಕಳ ಹಾಕಾಕ ಗ್ವಾಡಿ ಹಿಡೀಬೇಕು.
ಒಂದು ಚಳಿಗಾಲ ದಾಟೇತಿ, ಬಾಯಿ ತೆರದಿಲ್ಲ.
ಎರಡನೇದಕ್ಕ ಕಾಯಾಕ ಹತ್ತೀನಿ.
ಕಾಲು ಚಾಚಿ ತೇಯತೀನಿ, ಒಂಟಿ ಎಲುಬಿನ ಪುಡಿ
ಹೊಲಗಿಯ ಗೆರಿ ಮ್ಯಾಲೆ ಉದರತೈತಿ,
ಊದತೀನಿ,
ಮತ್ತ ಉದರತೈತಿ.